ಕಲ್ಲಿನಿಂದ ನೀರಿಗೆ ನೂರು ಅಡಿ

ನದಿ ದಡವನ್ನು ಎಂದೂ ಕೊರೆದಿಲ್ಲ, ಮುಂದೆಯೂ ಕೊರೆಯುವುದಿಲ್ಲ ಎಂಬುದು ದಡ ರಕ್ಷಣಾ ಕಚೇರಿಯ ಅಧಿಕೃತ ನಿಲುವು. ಇದಕ್ಕೆ ಗಟ್ಟಿಯಾದ ಆಧಾರವಿದೆ. ಕಚೇರಿಯ ಒಂದನೆಯ ನಿಯಮದ ಪ್ರಕಾರ ಗುರುತಿನ ಕಲ್ಲಿನಿಂದ ನೀರಿನ ಅಂಚಿಗೆ ನೂರು ಅಡಿ ಇರತಕ್ಕದ್ದು. ಪ್ರತಿ ಮಳೆಗಾಲ ಮುಗಿದ ಮೇಲೆ ಟೇಪು ಹಿಡಿದು ಅಳೆಯುತ್ತಾರೆ. ಕಡಿಮೆ ಬಂದರೆ ಎರಡನೆಯ ನಿಯಮವಿದೆ: ನೂರು ಅಡಿ ಆಗುವವರೆಗೆ ಕಲ್ಲನ್ನು ಕಿತ್ತು ಹಿಂದಕ್ಕೆ ನೆಡತಕ್ಕದ್ದು. ಹೀಗಾಗಿ ಯಾವ ವರ್ಷವೂ ಒಂದಂಗುಲ ಕಡಿಮೆ ಬಂದಿಲ್ಲ.

ಎರಡನೆಯ ನಿಯಮ ಈಗಿನ ದಡಾಧಿಕಾರಿಗಳ ಸ್ವಂತ ಬುದ್ಧಿಯ ಫಲ. ಅವರಿಗಿಂತ ಮುಂಚೆ ಇದ್ದವರು ದಡ ಕೊರೆದಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ವರದಿ ಮಾಡಿ, ದಡ ಕಾಯದ ತಪ್ಪಿಗೆ ಒಬ್ಬರ ಹಿಂದೊಬ್ಬರು ಎತ್ತಂಗಡಿಯಾದರು. ಇವರು ಬಂದ ಮೇಲೆ ಕೊರೆತವೂ ನಿಂತಿತು, ಎತ್ತಂಗಡಿಯೂ ನಿಂತಿತು. ಕಲ್ಲು ಮಾತ್ರ ಆಟದ ಮೈದಾನ ದಾಟಿತು, ಇಸ್ತ್ರಿ ಅಂಗಡಿ ದಾಟಿತು. ಒಂದು ಮಳೆಗಾಲದಲ್ಲಿ ಇಸ್ತ್ರಿ ಅಂಗಡಿ ಗಿರಾಕಿಗಳ ಬಟ್ಟೆಸಮೇತ ಹೊಳೆ ಪಾಲಾಯಿತು. ಅಂಗಡಿಯವನು ಅಳುತ್ತಾ ಕಚೇರಿಗೆ ಬಂದ.

"ನಿನ್ನ ಅಂಗಡಿ ಎಲ್ಲಿತ್ತಪ್ಪ, ತೋರಿಸು" ಎಂದರು ದಡಾಧಿಕಾರಿಗಳು.

ಅವನು ಕಿಟಕಿಯಿಂದ ನೀರಿನ ಕಡೆ ಬೆರಳು ಮಾಡಿದ.

"ದಡ ಅಂತೂ ಕೊರೆದಿಲ್ಲ. ಅಂದ್ರೆ ನೀನು ಹೊಳೆಯೊಳಗೇ ಅಂಗಡಿ ಇಟ್ಟಿದ್ದೆ ಅಂತಾಯ್ತು. ಕೇಸು ಹಾಕಿಲ್ಲ ಅಂತ ಸಂತೋಷಪಡು, ಹೋಗು."

ಅವನು ಕೈಮುಗಿದು ಹೋದ. ಈ ತೀರ್ಪನ್ನು ಮೇಲಿನವರು ಮೆಚ್ಚಿ ಮೂರನೆಯ ನಿಯಮವನ್ನಾಗಿ ಮಾಡಿದರು.

ಮರಳು ಗುತ್ತಿಗೆದಾರರು ನದಿಯ ಒಡಲನ್ನು ಹಗಲಿಡೀ ಬಗೆಯುತ್ತಿದ್ದರು. ತಳ ಆಳವಾದಂತೆಲ್ಲ ದಡದ ಬುಡ ಸಡಿಲವಾಗುತ್ತಿತ್ತು. ಆದರೆ ಅಗೆತಕ್ಕೆ ಕಚೇರಿಯು 'ನದಿಯ ಭಾರ ಇಳಿಸುವ ಕಾರ್ಯಕ್ರಮ' ಎಂಬ ಹೆಸರು ಕೊಟ್ಟಿದ್ದರಿಂದ ಅದರಿಂದ ಕೆಡುಕಾಗುವಂತಿರಲಿಲ್ಲ. ದಡದ ಮಣ್ಣನ್ನು ಬೇರುಗಳಲ್ಲಿ ಹಿಡಿದು ನಿಂತಿದ್ದ ಮರಗಳನ್ನು ಕಡಿಸಿ 'ದಡ ಉಳಿಸಿ' ಎಂಬ ದೊಡ್ಡ ಫಲಕ ಮಾಡಿಸಲಾಯಿತು. ಮಿಕ್ಕ ಹಲಗೆ ದಡಾಧಿಕಾರಿಗಳ ಹೊಸ ಮನೆಯ ಬಾಗಿಲು ಕಿಟಕಿಗಳಾಯಿತು. ಆ ಮನೆಗೆ ಮರಳು ಗುತ್ತಿಗೆದಾರರ ಕಾಣಿಕೆ. ಕೈ ಕೆಸರಾಗದೆ ಬಾಯಿ ಮೊಸರಾಗುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ಮನೆ ನದಿಯ ತಿರುವಿನಲ್ಲೇ ಇತ್ತು, ಗಾಳಿ ಚೆನ್ನಾಗಿ ಬರುತ್ತಿತ್ತು. ಅಡುಗೆಮನೆಗೆ ಹೆಂಡತಿ ತಾನೇ ಆರಿಸಿ ನೀಲಿ ಬಣ್ಣ ಹೊಡೆಸಿದ್ದಳು.

ಹೆಂಡತಿ ಶಾಲೆಯಲ್ಲಿ ಭೂಗೋಳ ಪಾಠ ಮಾಡುತ್ತಿದ್ದಳು. ಒಂದು ದಿನ ಅವಳು ಶಾಲೆಯಿಂದ ಬರುವಾಗ ಕಚೇರಿಯ ಜವಾನ ಅಡುಗೆಮನೆಯ ನೆಲ ಅಗೆದು, ಒಲೆಯ ಪಕ್ಕದಲ್ಲಿ ಕಲ್ಲು ನೆಡುತ್ತಿದ್ದ.

"ರೀ, ಏನ್ರೀ ಇದು?"

"ನೂರು ಅಡಿ ಇಲ್ಲಿಗೇ ಬಂತು. ನಾನೇನು ಮಾಡ್ಲಿ?"

"ತಿರುವಿನ ಹೊರಮಗ್ಗುಲಲ್ಲಿ ನೀರು ರಭಸವಾಗಿ ಓಡುತ್ತೆ, ಕೊರೆಯುತ್ತೆ. ಒಳಮಗ್ಗುಲಲ್ಲಿ ನಿಧಾನ ಆಗುತ್ತೆ, ಹೊತ್ತು ತಂದಿದ್ದನ್ನ ಅಲ್ಲಿ ಇಳಿಸುತ್ತೆ. ನಾವಿರೋದು ಹೊರಮಗ್ಗುಲಲ್ಲಿ. ಏಳನೇ ಕ್ಲಾಸಿನ ಮಕ್ಕಳಿಗೂ ಇದು ಗೊತ್ತು!"

"ಮಕ್ಕಳಿಗೆ ಗೊತ್ತಿರಬಹುದು. ಇಲಾಖೆಗೆ ಯಾರೂ ತಿಳಿಸಿಲ್ಲವಲ್ಲ."

"ನೀವೇ ತಿಳಿಸಿ. ದಡಕ್ಕೊಂದು ತಡೆಗೋಡೆ ಕಟ್ಟಿಸಿ. ನಮ್ಮ ಮನೆ ಹೋಗುತ್ತೆ ಕಣ್ರೀ."

"ಕೊರೆಯದ ದಡಕ್ಕೆ ಗೋಡೆ ಯಾಕೆ ಅಂತ ಮೇಲಿನವರು ಕೇಳಲ್ವಾ? ಕೊರೆದಿಲ್ಲ ಅಂತ ಇಷ್ಟು ವರ್ಷ ಬರೆದವನು ನಾನೇ ಕಣೇ!"

ಮರುದಿನ ದಡಾಧಿಕಾರಿಗಳು ಗುತ್ತಿಗೆದಾರರ ಬಳಿ ಹೋಗಿ, ಒಂದಷ್ಟು ದಿನ ಅಗೆಯುವುದನ್ನು ನಿಲ್ಲಿಸಿ ಎಂದು ಬೇಡಿಕೊಂಡರು.

"ನಿಲ್ಲಿಸ್ತಿದ್ದೆ ಸ್ವಾಮಿ" ಎಂದರು ಗುತ್ತಿಗೆದಾರರು ನೊಂದ ಮುಖದಲ್ಲಿ. "ಆದ್ರೆ ಭಾರ ಇಳಿಸದಿದ್ರೆ ನದಿಗೇ ಅಪಾಯ ಅಂತ ನೀವೇ ಆದೇಶ ಮಾಡಿದ್ದೀರಿ. ನಿಮ್ಮ ಮಾತು ಮೀರೋಕೆ ನನಗೆ ಮನಸ್ಸು ಬರಲ್ಲ."

ಮುಂದಿನ ಮಳೆಗಾಲದಲ್ಲಿ ಮೊದಲು ಮೆಟ್ಟಿಲು ಹೋಯಿತು, ಆಮೇಲೆ ನಡುಮನೆ, ಕೊನೆಗೆ ನೀಲಿ ಅಡುಗೆಮನೆ. ಗಂಡ ಹೆಂಡತಿ ಕುಕ್ಕರು, ಗಡಿಯಾರ, ಒಂದು ಹಾಸಿಗೆ ಹಿಡಿದು ಬೀದಿಯಲ್ಲಿ ನಿಂತರು. ಕಲ್ಲನ್ನು ಮಾತ್ರ ಜವಾನ ಮುಂಚಿತವಾಗಿಯೇ ಕಿತ್ತು ಹಿಂದಿನ ಬೀದಿಗೆ ಸಾಗಿಸಿದ್ದ. ಸರ್ಕಾರದ ಸೊತ್ತಿಗೆ ಯಾವ ಹಾನಿಯೂ ಆಗಲಿಲ್ಲ.

ತಪಾಸಣೆಗೆ ಮೇಲಧಿಕಾರಿಗಳೇ ಬಂದರು. ಟೇಪು ಎಳೆಸಿದರು. "ನೂರು ಅಡಿ. ಭೇಷ್!"

"ಸ್ವಾಮಿ, ನನ್ನ ಮನೆ..." ಎಂದರು ದಡಾಧಿಕಾರಿಗಳು.

"ಮನೆಯೇ? ಎಲ್ಲಿತ್ತು?"

ದಡಾಧಿಕಾರಿಗಳ ಬೆರಳು ತಾನಾಗಿಯೇ ನೀರಿನ ಕಡೆ ಎದ್ದಿತು. ಎದ್ದ ಮೇಲೆ ಅವರಿಗೆ ಮೂರನೆಯ ನಿಯಮ ನೆನಪಾಯಿತು. ಗುಂಪಿನಲ್ಲಿ ನಿಂತಿದ್ದ ಇಸ್ತ್ರಿಯವನು ಕುತೂಹಲದಿಂದ ಮುಂದೆ ಬಂದ.

"ಹೊಳೆಯೊಳಗೆ ಮನೆ ಕಟ್ಟಿದ್ದಿರೇನ್ರಿ? ಅದೂ ದಡ ಕಾಯೋರು?" ಎಂದರು ಮೇಲಧಿಕಾರಿಗಳು.

ದಡಾಧಿಕಾರಿಗಳು ಬೆರಳು ಮಡಚಿಕೊಂಡರು. "ಇಲ್ಲ ಸ್ವಾಮಿ. ಮನೆ ಇರಲೇ ಇಲ್ಲ."

"ಹಾಗಾದ್ರೆ ಇಷ್ಟು ವರ್ಷ ನಾನು ಎಲ್ಲಿ ಅಡುಗೆ ಮಾಡಿ ಹಾಕಿದೆ ನಿಮಗೆ?" ಎಂದಳು ಹೆಂಡತಿ. "ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ನೀವು ಮಾಡಿದ್ದನ್ನ ನಾನೂ ಉಣ್ಣಬೇಕಾಯ್ತಲ್ಲ!"

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಇಲ್ಲದ ಮನೆಗಾಗಿ ಅಳುವವರಿಗೆ ಸಮಾಧಾನ ಹೇಳಲು ನಿಯಮದಲ್ಲಿ ಅವಕಾಶವಿಲ್ಲದ ಕಾರಣ ಮೇಲಧಿಕಾರಿಗಳು ಟೇಪು ಸುತ್ತಿಸಿಕೊಂಡು ಹೊರಟರು.

ಆ ತಿಂಗಳೇ ಶಾಲೆಗೆ ಪ್ರಕಟಣೆ ಬಂತು: 'ನದಿ ಕೊರೆಯುತ್ತದೆ ಎಂಬ ಪಾಠವನ್ನು ಕೈಬಿಡಲಾಗಿದೆ. ನದಿ ಇದ್ದಲ್ಲೇ ಇರುತ್ತದೆ. ದಡಗಳು ಗೌರವದಿಂದ ಹಿಂದೆ ಸರಿದು ನಿಲ್ಲುತ್ತವೆ.' ಹೆಂಡತಿ ಇದನ್ನು ಹೇಳಿಕೊಟ್ಟಳು. ಮಕ್ಕಳು ರಾಗವಾಗಿ ಒಪ್ಪಿಸಿದರು. ಒಬ್ಬಳು ಹುಡುಗಿ ಮಾತ್ರ ನಕ್ಕಳು, ಅವಳನ್ನು ಹೊರಗೆ ನಿಲ್ಲಿಸಲಾಯಿತು.

ನದಿಗೆ ಪ್ರಕಟಣೆ ತಲುಪಿರಲಿಲ್ಲವೋ ಏನೋ, ಅದು ಹೊತ್ತೊಯ್ದದ್ದನ್ನೆಲ್ಲ ಕೆಳಗಿನ ತಿರುವಿನ ಒಳಮಗ್ಗುಲಲ್ಲಿ ಒಪ್ಪವಾಗಿ ಇಳಿಸಿ ದಿಬ್ಬ ಮಾಡಿತು. ಆ ಮಗ್ಗುಲು ಗುತ್ತಿಗೆದಾರರದು. ನದಿ ಸಂತೋಷದಿಂದ ಕೊಟ್ಟದ್ದನ್ನು ಬೇಡ ಎನ್ನಬಾರದು ಎಂದು ಅವರು ಲಾರಿ ಇಳಿಸಿದರು. ದಡಾಧಿಕಾರಿಗಳು ಹಿಂದಿನ ಬೀದಿಯಲ್ಲಿ ಮತ್ತೆ ಮನೆ ಕಟ್ಟಿಸಿದರು. ಮರಳು ಆ ದಿಬ್ಬದ್ದೇ. ಈ ಸಲ ಕಾಣಿಕೆಯಲ್ಲ, ದುಡ್ಡು ಕೊಟ್ಟು ಕೊಂಡದ್ದು.

ಹೊಸ ಅಡುಗೆಮನೆಯ ಗೋಡೆಯ ಗಾರೆಯಲ್ಲಿ ಒಂದು ಕಡೆ ನೀಲಿ ಚೂರು ಕಾಣಿಸಿತು. ಹೆಂಡತಿ ಅದನ್ನು ಬೆರಳಲ್ಲಿ ಸವರಿದಳು. ಯಾವ ಗೋಡೆಯದೆಂದು ಅವಳಿಗೆ ಗೊತ್ತಿತ್ತು, ಯಾರಿಗೂ ಹೇಳಲಿಲ್ಲ.

ಮಳೆಗಾಲ ಕಳೆದ ಮೇಲೆ ಜವಾನ ಕಲ್ಲು ಹೊತ್ತು ಬಾಗಿಲಲ್ಲಿ ನಿಂತ.

"ಅಮ್ಮಾವ್ರೇ, ಎಲ್ಲಿ ನೆಡಲಿ?"

"ಬಾರಪ್ಪ" ಎಂದಳು ಅವಳು. "ಒಲೆ ಪಕ್ಕ ಜಾಗ ಬಿಡಿಸಿದ್ದೀನಿ. ಈ ಸಲ ಆ ಮೂಲೆಗೆ ನೆಲಾನೇ ಹಾಕಿಸಿಲ್ಲ. ನಿನಗೆ ಅಗೆಯೋ ಶ್ರಮ ಯಾಕೆ?"