ಅಮ್ಮ ತಿಕ್ಕಿದ ಕಪ್ಪು ಕಾರು

ಬಟ್ಟೆ ಅಂಗಡಿಯವರಿಗೆ ಒಂದು ಕಾಯಿಲೆಯಿದೆ. ಕಂಡದ್ದನ್ನೆಲ್ಲ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಉಜ್ಜಿ ನೋಡುವುದು. ಮದುವೆಮನೆಯಲ್ಲಿ ಪಕ್ಕದಲ್ಲಿ ಕೂತವರ ಶಾಲು, ಬಸ್ಸಿನ ಕಿಟಕಿಯ ಪರದೆ, ಹಲ್ಲಿನ ಡಾಕ್ಟರ ಕುರ್ಚಿಯ ಹೊದಿಕೆ, ಯಾವುದನ್ನೂ ನಾನು ಬಿಟ್ಟವನಲ್ಲ. ಕೋಟೇಶ್ವರದಲ್ಲಿ ಅಂಗಡಿ ಇಟ್ಟು ತಲೆ ನರೆತಿದೆ. ಮೃದು ಯಾವುದು, ಒರಟು ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬವೂ ಇತ್ತು. ಅದನ್ನು ಇಳಿಸಿದ್ದು ಒಂದು ಕಾರು.

ಕಾರು ನನ್ನದೇ, ಜೀವಮಾನದ ಮೊದಲನೆಯದು. ಕಪ್ಪು ಬಣ್ಣ ಬೇಡ, ಧೂಳು ಕಾಣುತ್ತದೆ ಎಂದು ಊರೆಲ್ಲ ಹೇಳಿತು. ನಾನು ಕೇಳಲಿಲ್ಲ. ಬೀಜಾಡಿಯ ಮನೆಯಂಗಳದಲ್ಲಿ ಅದು ಬಂದು ನಿಂತ ಮೊದಲ ಭಾನುವಾರ ನಾನು ಊಟ ಮಾಡಿ ಮಲಗಿದ್ದೆ. ಎದ್ದು ಹೊರಗೆ ಬಂದರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಅಮ್ಮ, ಒಂದು ಕೈಯಲ್ಲಿ ತೆಂಗಿನಕಾಯಿ ಸಿಪ್ಪೆಯ ನಾರು, ಇನ್ನೊಂದರಲ್ಲಿ ಒಲೆಬೂದಿಯ ಗೆರಟೆ ಹಿಡಿದು, ಬೆವರಿನಲ್ಲಿ ಮಿಂದು ನಿಂತಿದ್ದಾಳೆ. "ಕಾಣ್ ಮಗಾ, ಹಂಡಿ ತಿಕ್ಕದಾಂಗೆ ತಿಕ್ಕಿದೆ. ಒಂದ್ ಚೂರ್ ಕೊಳಿ ಇಲ್ಲ!" ಎಂದಳು. ಅವಳ ಮುಖ ಅರಳಿತ್ತು. ನಾನು ಹತ್ತಿರ ಹೋಗಿ ನೋಡಿದೆ. ಬಾನೆಟ್ಟಿನ ಮೇಲೆ ಬಿಸಿಲು ಬಿದ್ದ ಕಡೆಯೆಲ್ಲ ಜೇಡರಬಲೆ ನೇಯ್ದಂತೆ ಸುತ್ತುಸುತ್ತಾಗಿ ಗೀರುಗಳು.

"ಒಳ್ಳೆದಾಯ್ತ್ ಅಮ್ಮ" ಎಂದೆ. ಇನ್ನೇನು ಹೇಳಲಿ? ಹಿಂದೊಮ್ಮೆ ನನ್ನ ಹೆಂಡತಿ, ಅಮ್ಮ ತೊಳೆದಿಟ್ಟ ತಪ್ಪಲೆಯನ್ನು ಅವಳಿಗೆ ಕಾಣದಂತೆ ಇನ್ನೊಮ್ಮೆ ತೊಳೆದಿದ್ದಳು. ಅಮ್ಮ ಕಂಡುಬಿಟ್ಟಳು. ಜಗಳವಾಡಲಿಲ್ಲ, ಬಹಳ ದಿನ ಬಚ್ಚಲಕಟ್ಟೆಯ ಕಡೆ ಹೋಗದೆ, ಬಂದ ನೆಂಟರಂತೆ ಜಗಲಿಯಲ್ಲಿ ಕೂತುಬಿಟ್ಟಳು. ಕೈಲಾಗುವ ಕೆಲಸವೆಂದರೆ ಅವಳಿಗೆ ಪ್ರಾಣ. ಅದನ್ನು ಕಿತ್ತುಕೊಂಡರೆ ಏನಾಗುತ್ತದೆಂದು ಕಣ್ಣಾರೆ ನೋಡಿದವನು ನಾನು. ಹಾಗಾಗಿ ಹೆಂಡತಿಯೂ ನಾನೂ ಸೇರಿ ತೀರ್ಮಾನಿಸಿದೆವು: ಗೀರು ಹೋಗಬೇಕು, ಅಮ್ಮನಿಗೆ ಗೊತ್ತಾಗಬಾರದು.

ಕುಂದಾಪುರದಲ್ಲಿ ಕಾರಿನ ಸಾಮಾನು ಮಾರುವ ಸುಧಾಕರ ಮುಂಬಯಿಯಲ್ಲಿ ಬಹಳ ಕಾಲ ಇದ್ದು ಬಂದವನು, ಮಾತಿನ ಮಲ್ಲ. "ಹ್ವಾಯ್, ಗೀರ್ ತೆಗೂದ್ ಅಂಬುದೇ ಇಲ್ಲೆ" ಎಂದು ಶುರುಮಾಡಿದ. "ಬಣ್ಣದ್ ಮೇಲೆ ಕಾಗದಕ್ಕಿಂತ ತೆಳೂ ಗಾಜಿನಾಂಗಿಪ್ಪು ಒಂದ್ ಪದರ ಇತ್ತ್. ಗೀರ್ ಇಪ್ಪುದ್ ಅದ್ರೊಳ್ಗೆ. ಸುತ್ತ ಇಪ್ಪುದನ್ನ ಗೀರಿನ್ ಅಡಿ ತನಕ ಸವೆಸೂದ್. ಎಲ್ಲ ಸಮ ಆರೆ ಗೀರ್ ಎಲ್ಲಿತ್ತ್?" ನಾನು ಬಾಯಿ ಬಿಟ್ಟುಕೊಂಡು ನಿಂತೆ. ಗುಂಡಿ ಮುಚ್ಚಲು ಊರನ್ನೇ ತಗ್ಗಿಸುವ ಈ ಉಪಾಯ ಯಾವ ಪುಣ್ಯಾತ್ಮನಿಗೆ ಹೊಳೆಯಿತೋ! ಕಾಗದಕ್ಕಿಂತ ತೆಳುವಾದದ್ದರಲ್ಲೂ ತಗ್ಗು ದಿನ್ನೆಗಳಿವೆ, ಅವನ್ನು ಸಮ ಮಾಡಲು ಯಂತ್ರವಿದೆ ಎಂದು ತಿಳಿದಾಗ ನನಗೆ ನಿಜವಾಗಿಯೂ ಮೈ ಜುಮ್ಮೆಂದಿತು.

ಆಮೇಲೆ ಅವನು ಬಾಟಲಿಗಳನ್ನು ಸಾಲಾಗಿ ಇಟ್ಟ. ಒಂದರಲ್ಲಿ ದಪ್ಪ ರವೆಯಂಥ ಪಾಲಿಶ್, ಒಂದರಲ್ಲಿ ಚಿರೋಟಿ ರವೆಯಂಥದ್ದು, ಕೊನೆಯದು ಮೈದಾದಂತೆ ನುಣುಪು. ಜೊತೆಗೆ ಯಂತ್ರದ ಮುಖಕ್ಕೆ ಅಂಟಿಸುವ ದುಂಡನೆಯ ಪ್ಯಾಡುಗಳು: ಕಿತ್ತಳೆ, ಬಿಳಿ, ಕಪ್ಪು, ಹಳದಿ. ಬಣ್ಣ ನೋಡಿ ಗುಣ ತಿಳಿಯೋಣವೆಂದರೆ ಅದೂ ಇಲ್ಲ. ಒಂದು ಕಂಪನಿಯ ಹಳದಿ ಪರಮಸಾಧು, ಇನ್ನೊಂದರ ಹಳದಿ ದೂರ್ವಾಸ ಮುನಿ. ಸೀರೆಯ ಬಣ್ಣದ ವಿಷಯದಲ್ಲಿ ಗಿರಾಕಿಗಳನ್ನು ಇಷ್ಟು ಕಾಲ ಗೊಂದಲಕ್ಕೆ ಕೆಡವಿದ ನಾನು ಅಲ್ಲಿ ಗಿರಾಕಿಯಾಗಿ ಬೆಪ್ಪನಂತೆ ನಿಂತಿದ್ದೆ.

ಅಷ್ಟರಲ್ಲಿ ನನ್ನ ಬೆರಳುಗಳು ತಮ್ಮ ಕೆಲಸ ಶುರುಮಾಡಿದ್ದವು. ಒಂದು ಪ್ಯಾಡು ಉಣ್ಣೆಯದ್ದು. ಆಹಾ, ಏನು ಮೃದು! ಕುರಿಮರಿಯ ಬೆನ್ನು ಸವರಿದಂತಿತ್ತು. ಉಳಿದವು ಬರೀ ಸ್ಪಂಜು. ಗೀರಿಗೆ ಹೆದರಿದವನು ಮೃದುವಾದದ್ದನ್ನಲ್ಲದೆ ಇನ್ನೇನನ್ನು ಆರಿಸಿಯಾನು? "ಇದೇ ಸಾಕು" ಎಂದೆ. ಸುಧಾಕರ ತಲೆ ಕೆರೆದುಕೊಂಡ. "ಹ್ವಾಯ್, ಎಲ್ಲಕ್ಕಿಂತ ಜೋರ್ ಸವೆಸೂದೇ ಉಣ್ಣೆ ಮಾರಾಯ್ರೆ. ಸ್ಪಂಜಂಗೆ ಶುರುಮಾಡಿ" ಎಂದ. ನನಗೆ ನಗು ಬಂತು. ಉಣ್ಣೆಯ ಬಗ್ಗೆ ನನಗೇ ಪಾಠ! ಆದರೂ ಅವನ ಮನಸ್ಸಿಗೆ ಬೇಸರವಾಗಬಾರದೆಂದು ಸ್ಪಂಜುಗಳನ್ನೂ ಕಟ್ಟಿಸಿಕೊಂಡು, ಯಂತ್ರವನ್ನು ಬಾಡಿಗೆಗೆ ಹಿಡಿದು ಮನೆಗೆ ಬಂದೆ.

"ಎಂತ ಮಗಾ ಅದ್?" ಎಂದಳು ಅಮ್ಮ. "ಕಾರಿನ್ ಸರ್ವಿಸ್ ಅಮ್ಮ, ಹೊಸ ಕಾರಿಗೆಲ್ಲ ಮಾಡೂದೇ" ಎಂದೆ. ಅಮ್ಮ ಹ್ಞೂಂ ಎಂದು ಒಳಗೆ ಹೋದಳು.

ಮೊದಲು ಡಿಕ್ಕಿಯ ಮುಚ್ಚಳದ ಒಂದು ಮೂಲೆಯಲ್ಲಿ ಪಾಲಿಶ್ ಹಚ್ಚಿ, ಉಣ್ಣೆಯ ಪ್ಯಾಡು ಹಾಕಿ ಯಂತ್ರ ತಿರುಗಿಸಿದೆ. ಒರೆಸಿ ನೋಡಿದರೆ ಅಮ್ಮನ ಜೇಡರಬಲೆ ಮಾಯ! ಕುಣಿಯುವುದೊಂದು ಬಾಕಿ. ಆದರೆ ಬಿಸಿಲಿಗೆ ಬಗ್ಗಿ ನೋಡಿದಾಗ ಅಲ್ಲಿ ಹೊಳಪೇ ಇರಲಿಲ್ಲ. ಚಳಿಗಾಲದಲ್ಲಿ ಕನ್ನಡಿಗೆ ಉಸಿರು ಬಿಟ್ಟ ಹಾಗೆ ಮಂಜು ಮಂಜು. ಅಮ್ಮನ ನಾರು ಬಿಡಿಸದಿದ್ದ ಚಿತ್ತಾರವನ್ನು ನನ್ನ ಉಣ್ಣೆ ಬಿಡಿಸಿತ್ತು. ಕುರಿಮರಿಯ ಬೆನ್ನು ಹುಲಿಯ ನಾಲಿಗೆಯಾದದ್ದು ಹೇಗೋ ನನಗಿನ್ನೂ ಅರ್ಥವಾಗಿಲ್ಲ. ತೆಪ್ಪಗೆ ಸ್ಪಂಜಿಗೆ ಶರಣಾದೆ. ಆ ಮೂಲೆಗೂ ಆಮೇಲೆ ಬಾನೆಟ್ಟಿಗೂ ಚಿರೋಟಿ ರವೆಯಂಥ ಪಾಲಿಶಿನ ನಾಲ್ಕು ಬೊಟ್ಟು ಇಟ್ಟು, ಬಿಳಿ ಪ್ಯಾಡಿನಲ್ಲಿ ಮೆಲ್ಲಗೆ ಅಡ್ಡ ಎಳೆದು, ಉದ್ದ ಎಳೆದು, ಕೊನೆಗೆ ಕಪ್ಪು ಪ್ಯಾಡಿನಲ್ಲಿ ಮೈದಾದಂಥದ್ದನ್ನು ಸವರಿ ಒರೆಸಿದೆ.

ಅಬ್ಬಾ! ಆ ಕಪ್ಪನ್ನು ನಾನು ಯಾವ ರೇಷ್ಮೆಯಲ್ಲೂ ಕಂಡಿಲ್ಲ. ಅದು ಬಣ್ಣವಲ್ಲ, ಆಳ. ತೆಂಗಿನ ಗರಿಯ ಒಂದೊಂದು ಎಲೆಯೂ ಅದರೊಳಗೆ ಬೇರೆಬೇರೆಯಾಗಿ ಅಲ್ಲಾಡುತ್ತಿತ್ತು. ಆಕಾಶದಲ್ಲಿ ಹದ್ದೊಂದು ಸುತ್ತು ಹಾಕಿದರೆ ಬಾನೆಟ್ಟಿನಲ್ಲೂ ಹಾಕಿತು. ಊಟ ಮರೆತೆ, ಅಂಗಡಿ ಮರೆತೆ. ಬಾಗಿಲು, ಮಾಡು, ಚಕ್ರದ ಮೇಲಿನ ರೆಕ್ಕೆ ಎಂದು ಒಂದೊಂದೇ ಭಾಗ ಮುಗಿಸುತ್ತ, ಸಂಜೆ ಬಿಸಿಲಿಗೆ ಇಡೀ ಕಾರು ಬೆಳಗಿದಾಗ ಕೈಮುಗಿಯುವುದೊಂದು ಬಿಟ್ಟು ಎಲ್ಲ ಮಾಡಿದೆ.

ಆ ಹೊತ್ತಿಗೆ ಸರಿಯಾಗಿ ಅಮ್ಮ ಬಂದಳು. ಪಾತ್ರೆ ತೊಳೆದ ಒದ್ದೆ ಕೈ. ಕಾರನ್ನು ಒಂದು ಸುತ್ತು ಬಂದು ನಿಂತು, ಆ ಕೈಯನ್ನು ಬಾಗಿಲಿನ ಕಡೆ ಚಾಚಿದಳು.

"ಮುಟ್ಬೇಡ!"

ಕೂಗಿದವನು ನಾನೇ. ಎಷ್ಟು ಜೋರಾಗಿ ಎಂದರೆ ಹೆಂಡತಿ ಒಳಗಿನಿಂದ ಓಡಿಬಂದಳು. ಯಾವ ಮಾತನ್ನು ಆಡಬಾರದೆಂದು ಇಷ್ಟೆಲ್ಲ ಪಾಡು ಪಟ್ಟಿದ್ದೆನೋ ಆ ಮಾತನ್ನೇ ಊರಿಗೆ ಕೇಳುವ ಹಾಗೆ ಆಡಿದ್ದೆ. ಅಮ್ಮನ ಕೈ ಗಾಳಿಯಲ್ಲೇ ನಿಂತಿತು.

ಅವಳು ಕೈ ಹಿಂದೆ ತೆಗೆದುಕೊಂಡು ಸೆರಗಿಗೆ ಒರೆಸಿಕೊಂಡಳು. "ಮುಟ್ಟುದಿಲ್ಲ ಮಾರಾಯ" ಎಂದಳು, ತಣ್ಣಗೆ. "ಈ ಬಾಗ್ಲ್ ಅಡಿಯಂಗೆ ನಾ ತಿಕ್ಕಿ ಮಾಡದ್ ಗೀರ್ ಇನ್ನೂ ಉಳ್ದಿತ್ತ್. ನಿಂಗ್ ಕಾಂಬ್ಲಿಲ್ಲ ಅಂದೇಳಿ ತೋರ್ಸುಕೆ ಬಂದದ್ದ್."

ನಾನು ಕನ್ನಡಕ ಏರಿಸಿಕೊಂಡು, ಬಾಗಿಲ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ನೋಡಿದೆ. ಇದ್ದವು. ಬೇಕಾದ್ದಕ್ಕಿಂತ ತುಂಬ ಹೊತ್ತು ನೋಡುತ್ತಲೇ ಇದ್ದೆ, ಎದ್ದು ನಿಂತರೆ ಅಮ್ಮನ ಮುಖ ನೋಡಬೇಕಾಗುತ್ತದಲ್ಲ.