ಬದಲಿಗೊಬ್ಬ ಮಾಸ್ತರ

ಎಲ್ಲದಕ್ಕೂ ಕಾರಣ ರಟ್ಟಿನ ಒಂದು ರಾಕೆಟ್.

ಬೈಲಹೊಂಗಲದ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಸಂದೀಪ ಒಂಬತ್ತು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದ. ಕಲಿಸುವುದು ಅವನ ಕೆಲಸದಲ್ಲಿ ತೀರ ಸಣ್ಣ ಭಾಗ. ಬೆಳಿಗ್ಗೆ ಶಾಲೆಯ ಬಸ್ಸಿನಲ್ಲಿ ಕುಳಿತು ಮಕ್ಕಳನ್ನು ಎಣಿಸಬೇಕು. ಮಧ್ಯಾಹ್ನ ಶಾಲೆಯ ಫೇಸ್‌ಬುಕ್ ಪುಟಕ್ಕೆ ಫೋಟೊ ಹಾಕಬೇಕು. ಸಂಜೆ ಹತ್ತನೆಯವರ ವಿಶೇಷ ತರಗತಿ, ಆಮೇಲೆ ಪಾಲಕರ ಫೋನು. ಈಚೆಗೆ ಅವನು ನಿದ್ದೆಯಲ್ಲೂ ಹಾಜರಿ ಕರೆಯತೊಡಗಿದ್ದ. ಒಮ್ಮೆ ಇಪ್ಪತ್ಮೂರನೇ ನಂಬರಿನವನು ‘ಎಸ್ ಸರ್’ ಅನ್ನಲಿಲ್ಲವೆಂದು ಎದ್ದು, ಮಂಚದ ಕೆಳಗೆ ಹುಡುಕಿದ್ದನ್ನು ಹೆಂಡತಿ ರೇಣು ಕಣ್ಣಾರೆ ಕಂಡಿದ್ದಳು. ದವಾಖಾನೆಯಲ್ಲಿ ನರ್ಸ್ ಆಗಿದ್ದ ಅವಳಿಗೆ ಲಕ್ಷಣಗಳು ತಿಳಿಯುತ್ತಿದ್ದವು.

“ಬಿಟ್ಟ ಬಿಡ್ರಿ. ನನ್ನ ಪಗಾರದಾಗ ಎರಡ ರೊಟ್ಟಿ ಜಾಸ್ತಿ ಆಗ್ತಾವು. ಮೊದಲ ಒಂದ ತಿಂಗಳ ನಿದ್ದಿ ಮಾಡ್ರಿ” ಎಂದಿದ್ದಳು.

ಅವನಿಗೆ ಧೈರ್ಯ ಬಂದಿರಲಿಲ್ಲ. ಜೂನ್ ತಿಂಗಳ ಆ ಶನಿವಾರ ಗುಮಾಸ್ತ ಮುದಕಪ್ಪ ರಟ್ಟಿನ ಟೊಪ್ಪಿಗೆಯೊಂದನ್ನು ತಂದು ಮೇಜಿನ ಮೇಲಿಟ್ಟ. ರಾಕೆಟ್ಟಿನ ಆಕಾರ, ಕೆಳಗೆ ಕೆಂಪು ಕಾಗದದ ಬೆಂಕಿ.

“ಎಂಟನೇ ಕ್ಲಾಸಿನ್ಯಾಗ ಇನ್ನೂ ಹನ್ನೊಂದ ಸೀಟ ಖಾಲಿ ಅದಾವ್ರಿ. ನಾಳೆ ಐತವಾರ ಬಸ್ ಸ್ಟ್ಯಾಂಡಿನ್ಯಾಗ ಇದನ್ನ ಹಾಕ್ಕೊಂಡ ನಿಂತು ಪಾಂಪ್ಲೆಟ್ ಹಂಚಬೇಕಂತ್ರಿ.”

“ನಾನಽ ಯಾಕ?”

“ನೀವು ಸೈನ್ಸ್ ಅಲ್ರೀ.”

ಸಂದೀಪ ಟೊಪ್ಪಿಗೆಯನ್ನು ತಲೆಗಿಟ್ಟು ನೋಡಿದ. ಸುತ್ತಳತೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿಕೊಂಡಿತು. ಅಂದರೆ ಯಾರೋ, ಯಾವಾಗಲೋ, ತನಗೆ ಗೊತ್ತಾಗದಂತೆ ಅಳತೆ ತೆಗೆದುಕೊಂಡಿದ್ದಾರೆ. ಇದು ಅವನನ್ನು ಹೆದರಿಸಿತು. ನಾಲ್ಕು ಸಾಲಿನಲ್ಲಿ ರಾಜೀನಾಮೆ ಬರೆದು, ಚೇರ್ಮನ್ ವೀರಪ್ಪನವರ ಗೊಬ್ಬರದ ಅಂಗಡಿಗೆ ನಡೆದ.

ವೀರಪ್ಪನವರು ಯೂರಿಯಾ ಚೀಲಗಳ ನಡುವೆ ಕುಳಿತು ಪತ್ರ ಓದಿದರು.

“ಎಲ್ಲಿ ಸಿಕ್ಕತ್ರೀ ನೌಕರಿ?”

“ಎಲ್ಲೂ ಸಿಕ್ಕಿಲ್ರಿ.”

“ಮತ್ತ ಯಾಕ ಬಿಡಾಕತ್ತೀರಿ?”

“ನಿದ್ದಿ ಮಾಡಬೇಕಾಗೇತ್ರಿ.”

ವೀರಪ್ಪನವರು ಪತ್ರವನ್ನು ಮತ್ತೊಮ್ಮೆ ಓದಿದರು. ‘ನಿದ್ದಿ’ ಎಂಬ ಹೆಸರಿನಲ್ಲಿ ಪಕ್ಕದ ಓಣಿಯಲ್ಲೇ ಯಾರೋ ಹೊಸ ಶಾಲೆ ತೆರೆದಿದ್ದಾರೇನೋ ಎಂಬ ಅನುಮಾನ ಅವರ ಮುಖದಲ್ಲಿತ್ತು.

“ಆತು, ಬಿಡ್ರಿ. ಖರೆ ನಿಮ್ಮ ಒರಿಜಿನಲ್ ಮಾರ್ಕ್ಸ್ ಕಾರ್ಡು ನನ್ನ ತಿಜೂರ್ಯಾಗ ಅದಾವು. ನಮ್ಮ ಸಾಲಿ ಪದ್ಧತಿ ನಿಮಗ ಗೊತ್ತೈತಿ. ಬದಲಿ ಒಬ್ಬ ಮಾಸ್ತರನ್ನ ತಂದ ನಿಲ್ಲಸ್ರಿ, ನಿಮ್ಮ ಕಾಗದಾ ತಗೊಂಡ ಹೋಗ್ರಿ. ಇವತ್ತ ಸಂಜಿ ಐದರ ಮಟಾ ಟೈಮ್. ಆಗಲಿಲ್ಲಂದ್ರ ಮಾರ್ಚದಾಗ ಪರೀಕ್ಷಾ ಮುಗಿಯೂ ತನಕ ನೀವಽ.”

ಬಿ.ಎಸ್ಸಿ., ಬಿ.ಎಡ್. ಎರಡೂ ಆ ತಿಜೋರಿಯಲ್ಲಿದ್ದವು. ಅವಿಲ್ಲದೆ ಮುಂದೆ ಎಲ್ಲಿ ಹೋದರೂ ಅವನು ಓದದವನೇ. ಸಂದೀಪ ಬೈಕು ಹತ್ತಿದ.

ಅವನು ಬೀದಿಗಿಳಿಯುವ ಮೊದಲೇ ಸುದ್ದಿ ಇಳಿದಿತ್ತು. ಶಾಲೆಯಲ್ಲಿ ಹಿಂದಿ ಕಲಿಸುವ ನಿಜಗುಣಪ್ಪ ಅಡ್ಡ ಬಂದು ಕೈ ಕುಲುಕಿದ. “ಸರ್ಕಾರಿ ನೌಕರಿ ಆತಂತ? ಬಾಯಿ ಬಿಡಲಿಲ್ಲ ನೋಡ್ರಿ ನೀವು. ಪೇಡೆ ಎಲ್ಲಿ?”

“ಏನೂ ಆಗಿಲ್ಲ ಮಾರಾಯ್ರ. ಸುಮ್ನ ಬಿಟ್ಟೇನಿ.”

“ಸುಮ್ನ ಯಾರರೆ ಬಿಡ್ತಾರ? ಪಗಾರ ಹೇಳಬ್ಯಾಡ್ರಿ, ಊರಷ್ಟ ಹೇಳ್ರಿ.”

ನಿಜವನ್ನು ಮೂರು ಸಲ ಹೇಳಿ ನೋಡಿದ. ಹೇಳಿದಷ್ಟೂ ಸಲ ನೌಕರಿ ದೊಡ್ಡದಾಗುತ್ತ ಹೋಯಿತು. ಕೊನೆಗೆ ಅರ್ಧ ಕಿಲೊ ಪೇಡೆ ಕೊಡಿಸಿ ತಪ್ಪಿಸಿಕೊಂಡ.

ಮೊದಲು ಹೋದದ್ದು ಸುಭಾಸನ ಝೆರಾಕ್ಸ್ ಅಂಗಡಿಗೆ. ಸುಭಾಸ ಎಂ.ಎಸ್ಸಿ., ಬಿ.ಎಡ್. ಮೂರು ವರ್ಷ ಬೇರೊಂದು ಶಾಲೆಯಲ್ಲಿ ಗಣಿತ ಕಲಿಸಿ, ಈಗ ಆಧಾರ ಕಾರ್ಡಿನ ಎರಡೂ ಬದಿ ಒಂದೇ ಹಾಳೆಗೆ ತರುತ್ತಿದ್ದ.

“ಸರ್, ಈ ಮಷೀನ್ ನೋಡ್ರಿ” ಎಂದ ಅವನು, ದನದ ಬೆನ್ನು ಸವರಿದಂತೆ ಯಂತ್ರವನ್ನು ಸವರುತ್ತ. “ಗುಂಡಿ ಒತ್ತಿದ್ರ ಹೇಳಿದ್ದ ಕೇಳತೈತಿ. ಇದರ ಅವ್ವ ಅಪ್ಪ ನನಗ ಫೋನ್ ಮಾಡೂದಿಲ್ಲ. ನಾ ಬರೂದಿಲ್ರಿ.”

ಆಮೇಲೆ ನಿವೃತ್ತ ಮಾಸ್ತರ ಲಗಮಪ್ಪನವರ ಮನೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಪಾಠ ಹೇಳದೆ ಹದಿನಾಲ್ಕು ವರ್ಷವಾಗಿತ್ತು, ಕೈ ತುರಿಸುತ್ತಿತ್ತು. ಅಂಗಿ ಹಾಕಿಕೊಳ್ಳುತ್ತಲೇ, “ಪಾಠ ಬಿಟ್ಟ ಬ್ಯಾರೆ ಏನರೆ ಕೆಲಸ ಐತೇನಪಾ?” ಎಂದು ಕೇಳಿದರು.

ಇಲ್ಲವೆಂದು ಹೇಳಬಹುದಿತ್ತು. ಆದರೆ ಸಂದೀಪನಿಗೆ ಪ್ರಯೋಗದ ಫಲಿತಾಂಶವನ್ನು ಇದ್ದಂತೆ ಬರೆದು ರೂಢಿ. ಬಸ್ಸು, ಫೋಟೊ, ಪಾಲಕರ ಫೋನು, ಬರದ ಮಕ್ಕಳ ಮನೆಗೆ ಹೋಗಿ ಕರೆತರುವುದು, ಟೊಪ್ಪಿಗೆ ಎಲ್ಲವನ್ನೂ ಕ್ರಮವಾಗಿ ಹೇಳಿದ. ಲಗಮಪ್ಪನವರ ಬೆರಳುಗಳು ಮೊದಲು ಗುಂಡಿ ಹಾಕುತ್ತಿದ್ದವು, ಫೋನಿನ ಹೊತ್ತಿಗೆ ನಿಂತವು, ಟೊಪ್ಪಿಗೆಯ ಹೊತ್ತಿಗೆ ಗುಂಡಿ ಬಿಚ್ಚುತ್ತಿದ್ದವು.

“ನೀ ಚಾ ಕುಡದ ಹೋಗು” ಎಂದು ಅವರು ಮತ್ತೆ ಕುಳಿತರು.

ಎರಡು ಗಂಟೆಗೆ ಮನೆಗೆ ಬಂದಾಗ ಪಕ್ಕದ ಮನೆಯ ಸುಂದರವ್ವ ಅವನ ಕಟ್ಟೆಯ ಮೇಲೆಯೇ ಕುಳಿತಿದ್ದಳು. ಓಣಿಯ ಯಾವ ಸಂಗತಿಯೂ ಅವಳ ಅನುಮತಿಯಿಲ್ಲದೆ ನಡೆದದ್ದಿಲ್ಲ. ಮೂರು ಲಗ್ನ ಮಾಡಿಸಿದ್ದಳು, ಎರಡು ಆಸ್ತಿ ಭಾಗಪತ್ರ ಹರಿದುಹಾಕಿಸಿದ್ದಳು.

“ನೌಕರಿ ಬಿಟ್ಟಿಯಂತಲ್ಲೋ. ಗಂಡಸಮಗ ನಡು ಹಗಲ ಮನ್ಯಾಗ ಮಲಕೊಂಡ್ರ ಓಣ್ಯಾಗ ನಾ ಏನಂತ ಹೇಳ್ಲಿ?”

“ಮಲಗಾಕರೆ ಎಲ್ಲಿ ಬಿಡಾಕತ್ತಾರ ಕಾಕು” ಎಂದು ಸಂದೀಪ ಮೆಟ್ಟಿಲ ಮೇಲೆ ಕುಸಿದು, ತಿಜೋರಿಯ ಕತೆಯನ್ನು ಹೇಳಿದ.

ಸುಂದರವ್ವ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು. ಅವಳ ಕಣ್ಣು ಸಣ್ಣಗಾದವು. “ಸೈನ್ಸ್ ಕಲಸಾವ್ರಽ ಬೇಕೇನು? ನಮ್ಮ ತಂಗಿ ಸೊಸಿ ಮೀನಾ ಮನೋಳ್ಯಾಗ ಅದನಽ ಕಲಸ್ತಾಳ. ಇಲ್ಲೇ ಬೈಲಹೊಂಗಲದಾಗ ನೌಕರಿ ಸಿಕ್ಕರ ಗಂಡನ ಜೋಡಿ ಇರತೇನಂತ ದಿನಾ ಅಳತಾಳ. ತಡಿ.”

ತನ್ನ ಮನೆಯೊಳಗೆ ಹೋಗಿ ಫೋನು ಮಾಡಿದಳು. ಇಪ್ಪತ್ತು ನಿಮಿಷ ಮಾತಾಡಿದಳು. ಅಷ್ಟೊಂದು ಮಾತು ಏನಿರಬಹುದೆಂದು ಸಂದೀಪ ಯೋಚಿಸಲಿಲ್ಲ. ಕಂಬಕ್ಕೆ ಒರಗಿ, ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಮಧ್ಯಾಹ್ನ ತೂಕಡಿಸಿದ.

ನಾಲ್ಕೂವರೆಗೆ ಮೀನಾ ಗೊಬ್ಬರದ ಅಂಗಡಿಗೆ ಬಂದಳು. ಸಂದೀಪ ಪ್ರಾಮಾಣಿಕವಾಗಿ ಬಸ್ಸಿನಿಂದ ಆರಂಭಿಸಿ ಟೊಪ್ಪಿಗೆಯವರೆಗೆ ಹೇಳಿದ. ಅವಳು ಒಂದೂ ಪ್ರಶ್ನೆ ಕೇಳಲಿಲ್ಲ. “ಆಗಲಿ ಸರ್” ಎಂದಳಷ್ಟೆ. ವೀರಪ್ಪನವರು ಎರಡು ಪ್ರಶ್ನೆ ಕೇಳಿ, ತಲೆಯಾಡಿಸಿ, ತಿಜೋರಿ ತೆರೆದರು. ಹಳದಿ ಫೈಲು ಹೊರಬಂತು. ಸಂದೀಪನ ಕಣ್ಣಿಗೆ ಅದು ತಲೆದಿಂಬಿನಂತೆ ಕಂಡಿತು.

ವೀರಪ್ಪನವರು ಫೈಲಿನ ಮೇಲೆ ಅಂಗೈ ಇಟ್ಟು ಮೀನಾಳತ್ತ ತಿರುಗಿದರು. “ಬಾಯಾರ, ನಿಮ್ಮ ಒರಿಜಿನಲ್ ಎಲ್ಲಿ? ಅವು ಒಳಗ ಹೋಗದ ಇವು ಹೊರಗ ಹೋಗೂದಿಲ್ಲ.”

“ನಮ್ಮ ಸಾಲಿ ಚೇರ್ಮನ್ನರ ಕಡೆ ಅದಾವ್ರಿ. ಹೊರಗ ಗಾಡ್ಯಾಗ ಕುಂತಾರ” ಎಂದಳು ಮೀನಾ.

ಮನೋಳಿಯ ಶಾಲೆಯ ಚೇರ್ಮನ್ ಲಕ್ಕಪ್ಪನವರು ಹಸಿರು ಫೈಲು ಹಿಡಿದು ಒಳಗೆ ಬಂದರು. ಅವರ ಹಿಂದೆ ಸುಂದರವ್ವ, ಎರಡೂ ಕಡೆಯ ಬೀಗರನ್ನು ಕೂಡಿಸುವ ಹಿರಿಯಳ ಗತ್ತಿನಲ್ಲಿ.

“ಇವರೇನ್ರಿ ನಮಗ ಬರೂ ಸರ್?” ಎಂದು ಲಕ್ಕಪ್ಪನವರು ಸಂದೀಪನನ್ನು ಮೇಲಿನಿಂದ ಕೆಳಗೆ ನೋಡಿದರು.

“ನಾನು? ಎಲ್ಲಿಗೆ?”

ಮೀನಾ ಸೆರಗಿನ ತುದಿ ತಿರುವುತ್ತ ನಿಂತಳು. “ಸರ್, ನಮ್ಮಲ್ಲೂ ಅದಽ ಪದ್ಧತಿ ಐತ್ರಿ. ಬದಲಿ ಕೊಡದ ಮಾರ್ಕ್ಸ್ ಕಾರ್ಡು ಕೊಡೂದಿಲ್ಲ. ಎರಡ ವರ್ಷದಿಂದ ಹುಡುಕಾಕತ್ತೇನಿ. ಈ ದೊಡ್ಡಮ್ಮಾರು ಫೋನಿನ್ಯಾಗ, ಇಲ್ಲೊಬ್ಬರು ಖಾಲಿ ಕುಂತಾರ ಅಂದ್ರು.”

“ಇಬ್ಬರಿಗೂ ಚೊಲೊ ಆತಲ್ಲೋ” ಎಂದಳು ಸುಂದರವ್ವ. “ರೇಣುಗ ನಾ ಹೇಳ್ತೇನಿ.”

ಸಂದೀಪ ಲೆಕ್ಕ ಹಾಕಿದ. ಅವನು ಒಲ್ಲೆನೆಂದರೆ ಹಸಿರು ಫೈಲು ಬಿಡುಗಡೆಯಾಗುವುದಿಲ್ಲ. ಅದು ಬಾರದೆ ಹಳದಿ ಫೈಲು ಹೊರಡುವುದಿಲ್ಲ. ನಾಳೆ ಬೆಳಿಗ್ಗೆ ಅವನು ಬಸ್ ನಿಲ್ದಾಣದಲ್ಲಿ ರಾಕೆಟ್ಟಾಗಿರುತ್ತಾನೆ. ಮೀನಾಳ ಕಣ್ಣ ಕೆಳಗೆ, ಕನ್ನಡಿಯಲ್ಲಿ ದಿನವೂ ಕಾಣುವಂಥದೇ ಕಪ್ಪು. ಐದಕ್ಕೆ ಎರಡು ನಿಮಿಷ ಬಾಕಿ ಇತ್ತು. ಅವನು ತಲೆಯಾಡಿಸಿದ.

ಲಕ್ಕಪ್ಪನವರು ಹಸಿರು ಫೈಲನ್ನು ಮೀನಾಳಿಗೆ ಕೊಟ್ಟರು, ಅವಳು ವೀರಪ್ಪನವರಿಗೆ. ವೀರಪ್ಪನವರು ಹಳದಿ ಫೈಲನ್ನು ಸಂದೀಪನ ಕೈಗಿಟ್ಟರು. ಲಕ್ಕಪ್ಪನವರು ಕೈ ಚಾಚಿದರು. ಒಂಬತ್ತು ವರ್ಷದ ಮೇಲೆ ಅವನ ಕಾಗದಗಳು ಅವನ ಕೈಯಲ್ಲಿ ಸುಮಾರು ಏಳು ಸೆಕೆಂಡು ಇದ್ದವು.

ಫೈಲನ್ನು ಕಂಕುಳಲ್ಲಿ ಒತ್ತಿಕೊಂಡು ಲಕ್ಕಪ್ಪನವರು ವಿಶ್ವಾಸದಿಂದ ಕೇಳಿದರು: “ಅಂದಂಗ, ಈ ಸಾಲಿ ಯಾಕ ಬಿಟ್ರಿ ಸರ್?”

ಸುಳ್ಳು ಹೇಳಲು ಅವನಲ್ಲಿ ಶಕ್ತಿ ಉಳಿದಿರಲಿಲ್ಲ. “ನಿದ್ದಿ ಸಾಲಾಕತ್ತಿದ್ದಿಲ್ರಿ.”

“ಅದಕ್ಯಾಕ ಚಿಂತಿ ಮಾಡತೀರಿ? ಇಲ್ಲಿಂದ ನಮ್ಮ ಸಾಲಿಗೆ ಬಸ್ಸಿನ್ಯಾಗ ಹೋಗಾಕ ಎರಡ ತಾಸು, ಬರಾಕ ಎರಡ ತಾಸು. ದಿನಾ ನಾಕ ತಾಸು ಆರಾಮ ಮಲಕೊಂಡ ಬರ್ರಿ” ಎಂದರು ಲಕ್ಕಪ್ಪನವರು. “ಬಸ್ ಅಷ್ಟ ಮುಂಜಾನಿ ಐದಕ್ಕ ಬಿಡತೈತಿ.”