ಮೇಲೆ ಕುರಿ, ಕೆಳಗೆ ಕುದುರೆ

ತಲೆಯ ಮೇಲಿನ ಕೂದಲು ನಮ್ಮದು ಎಂದು ನಾವು ತಿಳಿದುಕೊಂಡಿರುತ್ತೇವೆ. ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತವರ ಅಭಿಪ್ರಾಯ ಬೇರೆ. ನಾನು ಕೂಡ್ಲಿಗಿಯಿಂದ ಕಾನಹೊಸಹಳ್ಳಿ ಕಡೆಯ ಒಂದು ಹಳ್ಳಿಯ ಅಂಗನವಾಡಿಗೆ ಟೀಚರಾಗಿ ದಿನಾ ಹೋಗಿಬರುವವಳು. ಹಿಂದೆ ಕೂತವರಿಗೆ ಹೊರಗೆ ನೋಡಲು ಜಾಲಿಗಿಡಗಳಿವೆ, ಒಳಗೆ ನೋಡಲು ನನ್ನ ಹೆರಳಿದೆ. ಜಾಲಿಯ ಬಗ್ಗೆ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ. ಒಂದು ದಿನ ಹಿಂದಿದ್ದ ಹೆಂಗಸು ಪಕ್ಕದವಳಿಗೆ, ಪಿಸುಮಾತು ಎಂದು ತಾನು ನಂಬಿದ್ದ ದನಿಯಲ್ಲಿ, "ನೋಡಲೇ, ಮ್ಯಾಲ ಕುರಿ, ಕೆಳಗ ಕುದುರಿ" ಅಂದಳು. ನನಗೆ ಸಿಟ್ಟು ಬರಬೇಕಿತ್ತು. ಆದರೆ ನನ್ನ ತಲೆಯನ್ನು ಅಷ್ಟು ಸರಿಯಾಗಿ ಬಣ್ಣಿಸಿದವರು ಅದುವರೆಗೆ ಯಾರೂ ಇರಲಿಲ್ಲ. ನಿಜವಾಗಿಯೂ ಹಾಗೇ ಇತ್ತು. ನೆತ್ತಿಯಿಂದ ಭುಜದವರೆಗೆ ಕಂಬಳಿ ನೇಯಬಹುದಾದಂಥ ಗುಂಗುರು, ಭುಜದಿಂದ ಸೊಂಟದವರೆಗೆ ಇಸ್ತ್ರಿ ಹಾಕಿದಂಥ ನೇರ ಕೂದಲು.

ಇದಕ್ಕೆ ಕಾರಣ ನಮ್ಮಕ್ಕ ಗಿರಿಜಾ. ಗುಂಗುರು ಕೂದಲು ನಮ್ಮಪ್ಪನದು, ನನಗೆ ಬಂತು. ಅವ್ವನ ನೇರ ಕೂದಲು ಅಕ್ಕನಿಗೆ ಹೋಯಿತು. ಚಿಕ್ಕಂದಿನಲ್ಲಿ ನನ್ನ ತಲೆ ಬಾಚುವುದೆಂದರೆ ಮನೆಯಲ್ಲಿ ಅದೊಂದು ಜಗಳದ ಹೊತ್ತು. ಅಕ್ಕ ಮದುವೆಯಾಗಿ ಕೊಟ್ಟೂರಿಗೆ ಹೋದ ಮೇಲೆ ಬ್ಯೂಟಿಷಿಯನ್ ಕೆಲಸ ಕಲಿತು, ಗಂಡನ ಮನೆಯ ಮುಂದಿನ ಕೋಣೆಯಲ್ಲಿ ಪಾರ್ಲರ್ ತೆರೆದಳು. ಸ್ಟ್ರೈಟ್ನಿಂಗ್ ಕಲಿತ ವಾರವೇ ನನ್ನನ್ನು ಕರೆಸಿ ಕುರ್ಚಿಯಲ್ಲಿ ಕೂರಿಸಿದಳು. ಆ ಔಷಧಿಯ ವಾಸನೆಗೆ ಕಣ್ಣಲ್ಲಿ ನೀರು ಬರುತ್ತಿತ್ತು. "ಕಣ್ಣು ಮುಚ್ಚಲೇ" ಎನ್ನುತ್ತಿದ್ದಳು, ನಾನು ಏನಾದರೂ ಕೇಳಿದರೆ, "ಬಾಯಿನೂ ಮುಚ್ಚು." ಅಂದು ಸಂಜೆ ಕನ್ನಡಿಯಲ್ಲಿ ಕಂಡವಳು ನಾನಲ್ಲ, ಟೀವಿಯಲ್ಲಿ ಶಾಂಪೂ ಮಾರುವವಳು. ಅಲ್ಲಿಂದ ಪ್ರತಿವರ್ಷ ಬೇರಿನ ಹತ್ತಿರ ಹೊಸದಾಗಿ ಬಂದ ಗುಂಗುರನ್ನು ಅವಳು ನೇರ ಮಾಡುತ್ತಿದ್ದಳು. ನನ್ನ ತಲೆಯ ಉಸ್ತುವಾರಿ ಪೂರ್ತಿ ಅವಳದೇ. ನಾನು ಅದನ್ನು ಹೊತ್ತು ತಿರುಗುತ್ತಿದ್ದೆ, ಅಷ್ಟೇ.

ಆರು ವರ್ಷದ ಹಿಂದೆ ಅಕ್ಕ ತೀರಿಹೋದಳು. ಕಾಯಿಲೆ ನಮ್ಮನ್ನು ಹೆಚ್ಚು ದಿನ ಕಾಯಿಸಲಿಲ್ಲ. ಅದರ ಬಗ್ಗೆ ನಾನು ಇಷ್ಟೇ ಬರೆಯಬಲ್ಲೆ.

ಮನೆಯಲ್ಲಿ ಯಾರು ಹೋದರು, ಯಾರು ಇದ್ದಾರೆ ಎಂಬುದು ಕೂದಲಿಗೆ ಗೊತ್ತಾಗುವುದಿಲ್ಲ. ಅದು ತನ್ನ ಪಾಡಿಗೆ ಬೆಳೆಯಿತು. ಹೊಸದಾಗಿ ಬಂದದ್ದೆಲ್ಲ ಅಪ್ಪನ ಗುಂಗುರು. ಹಗರಿಬೊಮ್ಮನಹಳ್ಳಿಯಲ್ಲಿ ಮೀಟಿಂಗ್ ಇದ್ದ ದಿನ ಅಲ್ಲಿಯ ಪಾರ್ಲರ್ ಒಂದಕ್ಕೆ ಹೋಗಿ ತೋರಿಸಿದೆ. ಅಲ್ಲಿದ್ದ ಹುಡುಗಿ ನನ್ನ ಹೆರಳನ್ನು ಎರಡು ಬೆರಳಲ್ಲಿ ಎತ್ತಿಹಿಡಿದು, "ಮೇಡಂ, ಮ್ಯಾಲಿಂದು ಸ್ಟ್ರೈಟ್ ಮಾಡಸ್ರಿ, ಇಲ್ಲಾಂದ್ರ ಕೆಳಗಿಂದು ಕಟ್ ಮಾಡಸ್ರಿ. ಎರಡೂ ಇಟ್ಕಂಡ್ರ ನಡುವ ಜಾಯಿಂಟಿನಾಗ ತುಂಡಾಗತೈತ್ರಿ" ಅಂದಳು. ಅವಳು ಹೇಳಿದ್ದು ಸರಿ. ಆದರೆ ಮೇಲಿನದನ್ನು ಇನ್ನೊಬ್ಬರ ಕೈಗೆ ಕೊಡಲು ನನಗೆ ಮನಸ್ಸಿರಲಿಲ್ಲ. ಕೆಳಗಿನದನ್ನು ಕತ್ತರಿಸಲಂತೂ ಮನಸ್ಸೇ ಇರಲಿಲ್ಲ. ಭುಜದ ಕೆಳಗಿನ ಆ ಕೂದಲಿನ ಒಂದೊಂದು ಎಳೆಯೂ ಅಕ್ಕನ ಕೈ ದಾಟಿ ಬಂದದ್ದು. ಮೇಲಿನದು ಅವಳು ಹೋದ ಮೇಲೆ ಹುಟ್ಟಿದ್ದು; ಅದಕ್ಕೆ ಅವಳ ಗುರುತಿಲ್ಲ. ಗುಂಗುರು ಬರಲಿ, ಉದ್ದ ಮಾತ್ರ ಹೋಗಬಾರದು ಎಂದು ತೀರ್ಮಾನಿಸಿದೆ. ಜನ ಇದನ್ನು ಜಂಬ ಎಂದರು. ಅರ್ಧ ಅದೂ ನಿಜ. ಸೊಂಟದ ಉದ್ದದ ಹೆರಳು ನಮ್ಮ ಇಲಾಖೆಯಲ್ಲಿ ಈಗ ಎಷ್ಟು ಜನಕ್ಕಿದೆ?

ಉದ್ದ ಉಳಿಸಿಕೊಳ್ಳುವುದು ಒಂದು ಸಂಸಾರ ನಡೆಸಿದಷ್ಟೇ ಕಷ್ಟ. ಗುಂಗುರಿಗೆ ಒಣಗಿದ್ದಾಗ ಬಾಚಣಿಗೆ ಆಗದು, ನೇರ ಕೂದಲಿಗೆ ಒದ್ದೆಯಿದ್ದಾಗ ಎಳೆದರೆ ಆಗದು. ಅತ್ತೆ ಸೊಸೆಯರ ನಡುವೆ ಸಿಕ್ಕ ಗಂಡಸಿನಂತೆ ಇಬ್ಬರಿಗೂ ಸಮಾಧಾನ ಹೇಳುತ್ತ, ಎಣ್ಣೆ ಹಚ್ಚಿ, ಬೆರಳಿನಿಂದಲೇ ತುದಿಯಿಂದ ಮೇಲಕ್ಕೆ ಬಿಡಿಸುತ್ತ ಬಂದೆ. ಹಳೆಯ ರೇಷ್ಮೆ ಸೀರೆ ಹರಿದು ದಿಂಬಿಗೆ ಕವರ್ ಹೊಲಿದೆ. ಮೊಬೈಲಿನಲ್ಲಿ ನೋಡಿ ಅಗಸೆ ಬೀಜ ಕುದಿಸಿ, ಸೋಸಿ, ಬಂದ ಲೋಳೆಯನ್ನು ತಲೆಗೆ ಹಚ್ಚಿದೆ. ಅವ್ವ ಬಾಗಿಲಲ್ಲಿ ನಿಂತು ನೋಡಿದಳು. "ಹಿಂಡಿ ಕುಟ್ಟಾಕ ತಂದ ಅಗಸಿ ಅದು. ರೊಟ್ಟಿಗೆ ಏನು ಹಚ್ಕಂಬೇಕು ಈಗ, ನಿನ್ನ ತಲಿ ಒರಸ್ಕಂಬೇಕೇನು?" ಅಂದಳು. ಅಕ್ಕ ಹೋದ ಮೇಲೆ ಅವ್ವ ಅಷ್ಟು ಉದ್ದದ ಮಾತು ಆಡಿದ್ದು ಅಪರೂಪ. ಹಾಗಾಗಿ ಅಗಸೆ ಕುದಿಸುವುದನ್ನು ನಾನು ಬಿಡಲಿಲ್ಲ.

ಎಲ್ಲ ನೆಟ್ಟಗೆ ನಡೆಯುತ್ತಿದ್ದಾಗ ಮೈಕೈ ನೋವಿನ ಜ್ವರ ಬಂತು. ಎದ್ದು ಕೂರಲೂ ಆಗದೆ ವಾರಗಟ್ಟಲೆ ಮಲಗಿದೆ. ಎದ್ದಾಗ ಕುತ್ತಿಗೆಯ ಹಿಂದೆ, ಗುಂಗುರೂ ನೇರವೂ ಕೂಡುವ ಜಾಗದಲ್ಲಿ, ನಿಂಬೆಹಣ್ಣಿನ ಗಾತ್ರದ ಗಂಟು ಆಗಿತ್ತು. ಅದನ್ನು ಮೊದಲು ಕಂಡವಳು ಪಕ್ಕದ ಮನೆಯ ನೀಲಮ್ಮಜ್ಜಿ. ಮುಟ್ಟಿ ನೋಡಿದಳು, ಕೈ ಹಿಂದಕ್ಕೆ ತೆಗೆದಳು, ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದಳು. "ಯವ್ವಾ, ಜಡಿ ಬಂದೈತಿ. ತಾಯಿ ಬಂದಾಳ. ಬಾಚಬ್ಯಾಡ್ರಿ, ಕತ್ತರಿ ಹಚ್ಚಬ್ಯಾಡ್ರಿ" ಎಂದು ಅರಿಶಿನ ಕುಂಕುಮ ತಂದು ಗಂಟಿಗೆ ಹಚ್ಚಿ ಕೈಮುಗಿದಳು.

ನಮ್ಮ ಕಡೆ ಕೂದಲು ತಾನಾಗಿ ಗಂಟು ಕಟ್ಟಿದರೆ ದೇವಿ ಬಂದಳೆಂದು ನಂಬುವವರು ಇನ್ನೂ ಇದ್ದಾರೆ. ಅಂಥ ಗಂಟಿನಿಂದ ಹಿಂದೆ ದೇವಿಗೆ ಬಿಟ್ಟ ಕೆಲವು ಹೆಣ್ಣುಮಕ್ಕಳ ಬಾಳೇ ಬೇರೆ ದಾರಿ ಹಿಡಿದದ್ದೂ ಉಂಟು. ಅದು ದೇವಿಯಲ್ಲ, ಎಣ್ಣೆ ಕಾಣದ ಕೂದಲು, ತೊಳೆದು ಬಿಡಿಸಿ ಎಂದು ತಾಯಂದಿರ ಸಭೆಯಲ್ಲಿ ಮೈಕು ಹಿಡಿದು ಹೇಳಿದವಳು ನಾನೇ. ಈಗ ಅದೇ ತಾಯಂದಿರ ಮುಂದೆ ಅರಿಶಿನ ಮೆತ್ತಿದ ಗಂಟು ಹೊತ್ತು ಹೋದೆ, ಏಕೆಂದರೆ ಅವ್ವ ಬಿಡಿಸಲು ಬಿಡಲಿಲ್ಲ.

ಸುಳ್ಳು ಹೇಳುವುದಿಲ್ಲ, ದೇವಿಯಾಗಿರುವುದು ಚೆನ್ನಾಗಿತ್ತು. ಹೊತ್ತಿಗೆ ಸರಿಯಾಗಿ ಮಕ್ಕಳನ್ನು ಕಳಿಸಿರಿ ಎಂದು ವರ್ಷಗಟ್ಟಲೆ ಗೋಗರೆದಿದ್ದೆ. ಈಗ ನಾನು ಬೀಗ ತೆಗೆಯುವ ಮೊದಲೇ ಮಕ್ಕಳು ಮುಖ ತೊಳೆದುಕೊಂಡು ನಿಂತಿರುತ್ತಿದ್ದವು. ಮೊಟ್ಟೆ ಸಣ್ಣದು ಎಂದು ಯಾರೂ ತಕರಾರು ಮಾಡಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಒಬ್ಬ ತಾಯಿ ಬಂದು, "ಟೀಚರ್, ನಮ್ಮ ಮನಿಯವ್ರಿಗೆ ಕುಡಿಯಾದು ಬಿಡಸ್ರಿ" ಎಂದಾಗ ಮಾತ್ರ ಗಾಬರಿಯಾಯಿತು. ಅದು ನಮ್ಮ ಇಲಾಖೆಗೆ ಬರುವುದಿಲ್ಲ ಎಂದೆ.

ಗಂಟು ಮಾತ್ರ ಸುಮ್ಮನೆ ಕೂತಿರಲಿಲ್ಲ. ದಿನಾ ಅಕ್ಕಪಕ್ಕದ ಎಳೆಗಳನ್ನು ಒಳಗೆಳೆದುಕೊಳ್ಳುತ್ತ ಕೆಳಗಿನ ನೇರ ಕೂದಲಿಗೆ ಇಳಿಯತೊಡಗಿತು. ಹೀಗೇ ಬಿಟ್ಟರೆ ಇನ್ನೊಂದು ತಿಂಗಳಲ್ಲಿ ಕತ್ತರಿಯೊಂದೇ ದಾರಿ, ಅಕ್ಕನ ಕೈ ಸೋಕಿದ್ದೆಲ್ಲ ಅದರ ಜೊತೆಗೇ ಹೋಗುತ್ತದೆ. ಒಂದು ಮಧ್ಯಾಹ್ನ ಅವ್ವನಿಗೆ, ಇದನ್ನು ಬಿಡಿಸಲೇಬೇಕು ಅಂದೆ.

"ಮುಟ್ಟಬ್ಯಾಡ" ಅಂದಳು ಅವ್ವ. ಆಮೇಲೆ, "ನೀಲಮ್ಮ ದೇವಿ ಅಂತ ತಿಳ್ಕಂಡಾಳ. ನನಗ ಹಂಗ ಅನಸಿಲ್ಲ. ನಿಮ್ಮಕ್ಕನ ಬಂದಾಳ. ಎಲ್ಲಿ ಬಂದಾಳ ನೋಡು, ಆಕಿ ಕೈ ಆಡಿದ ಜಾಗದಾಗ" ಅಂದಳು.

ಸಭೆಗಳಲ್ಲಿ ಹೇಳುವ ಮಾತುಗಳನ್ನು ಬದಿಗಿಟ್ಟೆ. ಬಾಯಿಗೆ ಬಂದದ್ದನ್ನು ಹೇಳಿದೆ. "ಅವ್ವ, ಅಕ್ಕ ಬಂದಿದ್ರ ಹಿಂಗ ಗಂಟಾಗಿ ಕುಂದರತಿದ್ಲೇನು? ಮೊದಲು ಬಾಚಣಿಗಿ ಕೇಳತಿದ್ಲು. ಆಮ್ಯಾಲ ನಿನಗ ಬೈತಿದ್ಲು."

"ನನಗ್ಯಾಕ?"

"ಸಣ್ಣಾಕಿ ತಲಿ ಈ ಗತಿಗೆ ಬಂದ್ರೂ ಸುಮ್ಮನ ಕುಂತೀಯಲ್ಲ ಅಂತ."

ಅವ್ವ ಸೆರಗು ಬಾಯಿಗೆ ಹಿಡಿದಳು. ಅಳುತ್ತಿದ್ದಾಳೆ ಅಂದುಕೊಂಡೆ. ಭುಜ ಅಲುಗುವುದನ್ನು ನೋಡಿದರೆ ನಗುತ್ತಿದ್ದಳು. ಆಮೇಲೆ ಎರಡೂ ಆಯಿತು. "ಬಾಯಿ ಭಾಳ ಇತ್ತು ಆಕಿಗೆ" ಎಂದು ಕಣ್ಣೊರೆಸಿಕೊಂಡು, "ಎಣ್ಣಿ ತಗಂಬಾ" ಅಂದಳು.

ಕೊಬ್ಬರಿ ಎಣ್ಣೆಯಲ್ಲಿ ನೆನೆಸಿ, ಚೀಲ ಹೊಲಿಯುವ ದಬ್ಬಣದ ಮೊಂಡು ತುದಿಯಿಂದ ಅವ್ವ ಒಂದೊಂದೇ ಎಳೆ ಬಿಡಿಸಿದಳು. ದಿನಾ ಮಧ್ಯಾಹ್ನ ಅದೇ ಕೆಲಸ. ಬಿಡಿಸುತ್ತ ಅಕ್ಕನ ಮಾತು ತೆಗೆಯುತ್ತಿದ್ದಳು: ಅವಳು ಕದ್ದು ತಿಂದ ಬೆಲ್ಲ, ಅಳಿಯನಿಗೆ ಮೊದಲ ಭೇಟಿಯಲ್ಲೇ ಮೀಸೆ ಕತ್ತರಿಸಿಕೊಂಡು ಬಾ ಎಂದಿದ್ದು. ನೇರ ಕೂದಲಿಗೆ ಕೈ ತಲುಪಿದಾಗ, "ಏನು ಮಾಡಿದ್ಲು ನೋಡ ನನ ಮಗಳು, ಇನ್ನೂ ಬಗ್ಗಿಲ್ಲ" ಎಂದು ಬೆರಳಿಂದ ನೀವಿದಳು. ಒಂದು ಹಿಡಿಯಷ್ಟು ಕಿತ್ತುಬಂತು. ಅದನ್ನು ಅವ್ವ ಎಸೆಯಲಿಲ್ಲ; ಎಲ್ಲಿಟ್ಟಳೆಂದು ನಾನೂ ಕೇಳಲಿಲ್ಲ. ಉಳಿದದ್ದೆಲ್ಲ ಉಳಿಯಿತು. ನೀಲಮ್ಮಜ್ಜಿ ಬಂದು ನೋಡಿ ಮುಖ ಸಣ್ಣ ಮಾಡಿದಾಗ ಅವ್ವ, "ತಾನ ಬಿಟ್ಟು ಹೋತು ಬೇ" ಅಂದಳು, ಕಣ್ಣು ಮಿಟುಕಿಸದೆ. ಅಜ್ಜಿ ನನ್ನ ತಲೆಯನ್ನು ಮತ್ತೊಮ್ಮೆ ನೋಡಿ, "ಹೋಗಲಿ ಬಿಡು. ಇಷ್ಟು ದಟ್ಟ ಕೂದಲದಾಗ ಆ ತಾಯಿಗೆ ಗಾಳಿ ಆಡಲಿಲ್ಲ ಅನಸ್ತೈತಿ" ಅಂದಳು.

ಈಗ ಗುಂಗುರು ಸೊಂಟದ ಹತ್ತಿರ ಬಂದಿದೆ. ತುದಿಗಳು ಸೀಳಿದಾಗ ಅವ್ವನೇ ಬೆರಳ ಅಂಚಿನಷ್ಟು ಕತ್ತರಿಸುತ್ತಾಳೆ, ಅದಕ್ಕಿಂತ ಒಂದು ಎಳೆ ಹೆಚ್ಚಲ್ಲ. ಕೆಳಗೆ ಗೇಣಿನಷ್ಟು ನೇರ ಕೂದಲು ಉಳಿದಿದೆ. ಬಿಟ್ಟುಕೊಂಡು ನಡೆದರೆ ಜನ ತಿರುಗಿ ನೋಡುತ್ತಾರೆ, ನನಗೆ ಅದು ಗೊತ್ತಾಗುತ್ತದೆ, ಗೊತ್ತಾಗದವಳಂತೆ ನಡೆಯುವುದನ್ನು ಕಲಿತಿದ್ದೇನೆ.

ಮೊನ್ನೆ ಹರಪನಹಳ್ಳಿ ಬಸ್ ನಿಲ್ದಾಣದಲ್ಲಿ ಒಳ್ಳೆ ಸೀರೆ ಉಟ್ಟ ಹೆಂಗಸೊಬ್ಬರು ಹತ್ತಿರ ಬಂದು, "ಗುಂಗುರು ಭಾಳ ಚೆನ್ನಾಗಿ ಮಾಡಿದಾರ್ರಿ, ಯಾವ ಪಾರ್ಲರ್?" ಎಂದು ಕೇಳಿದರು. ಹುಟ್ಟಿದ್ದು ಹೀಗೇ ಎನ್ನಬೇಕಿತ್ತು. ಅಪ್ಪನದು ಎನ್ನಬೇಕಿತ್ತು. "ಕೊಟ್ಟೂರಾಗ್ರಿ, ನಮ್ಮಕ್ಕನ ಪಾರ್ಲರ್" ಅಂದೆ. ಬದುಕಿಡೀ ನನ್ನ ಗುಂಗುರಿನ ಜೊತೆ ಗುದ್ದಾಡಿದವಳಿಗೆ ಆ ಗುಂಗುರು ಮಾಡಿದ ಹೆಸರನ್ನೇ ಕೊಟ್ಟೆ. ಅವರು ಮೊಬೈಲ್ ತೆಗೆದು ವಿಳಾಸ ಕೇಳಿದರು. ಮುಚ್ಚಿಹೋಗಿದೆ ಅಂದೆ.

"ಅಯ್ಯ, ಇಂಥ ಕೈ ಇಟ್ಕೊಂಡು ಯಾರಾದ್ರೂ ಮುಚ್ಚತಾರೇನ್ರಿ?" ಎಂದು ಅವರು ನನ್ನ ಮೇಲೆಯೇ ಸಿಟ್ಟಾದರು.

"ನನಗೂ ಅದ ಸಿಟ್ಟು ಐತ್ರಿ" ಅಂದೆ, ಹೆರಳನ್ನು ಮುಂದಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.